ಬಾಡಿಗೆಯ ಮೇರೆ ಯಾರಿಗೆ? ಮುಂಬಯಿಯ ಕಾನೂನಿನ ಪರಾಮರ್ಶೆ



ಬಾಡಿಗೆಯ ಏರಿಕೆಯನ್ನು ನ್ಯಾಯದ ತಕ್ಕಡಿಯಲ್ಲಿ ತೂಗಬೇಕೆಂಬ ವಿಚಾರ ಮುಂಬಯಿಗೆ ಹೊಸದಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ‘ಸ್ಟ್ಯಾಂಡರ್ಡ್ ಬಾಡಿಗೆ’ ಎಂಬ ಮೇರೆಯನ್ನು ಹಾಕಿತು. ಸ್ಥೂಲವಾಗಿ ಹೇಳುವುದಾದರೆ, 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಆ ಮೇರೆ. ಅನಂತರ ಬಾಡಿಗೆಗೆ ಹೋದ ಮನೆಗೆ ಮೊದಲ ಬಾಡಿಗೆಯೇ ಮೇರೆ. ವಿವಾದವನ್ನು ತೀರ್ಮಾನಿಸುವ ಅಧಿಕಾರ ಸ್ಮಾಲ್ ಕಾಸಸ್ ನ್ಯಾಯಾಲಯದ್ದು. ಯುದ್ಧ ಮತ್ತು ದೇಶವಿಭಜನೆಯಿಂದ ಜನ ಬಂದು ಸೇರಿದ ನಗರದಲ್ಲಿ ಈ ಕಾನೂನು ಅಸಂಖ್ಯ ಸಂಸಾರಗಳಿಗೆ ನೆಲೆ ಕೊಟ್ಟಿತೆಂಬುದನ್ನು ಮರೆಯಲಾಗದು.

ಆದರೆ ತಾತ್ಕಾಲಿಕವೆಂದು ಬಂದ ಕಾಯಿದೆ ಮತ್ತೆ ಮತ್ತೆ ವಿಸ್ತರಣೆಗೊಂಡಿತು. ಬೆಲೆಗಳು ಏರಿದವು, ಬಾಡಿಗೆ ನಿಂತಲ್ಲೇ ನಿಂತಿತು. ದುರಸ್ತಿಯ ವೆಚ್ಚಕ್ಕೂ ಸಾಲದ ಆದಾಯದಲ್ಲಿ ಮಾಲೀಕರು ಕೈಚೆಲ್ಲಿದರು, ಚಾಳುಗಳು ಶಿಥಿಲವಾದವು. ಹಳೆಯ ಕಟ್ಟಡಗಳಿಂದ ಸೆಸ್ ವಸೂಲಿಮಾಡಿ ದುರಸ್ತಿಗೊಳಿಸಲು 1969ರ ಶಾಸನವು ಮಂಡಳಿಯೊಂದನ್ನೇ ರಚಿಸಬೇಕಾಯಿತು. ಮುಂಬಾಗಿಲಲ್ಲಿ ತಡೆಯಲ್ಪಟ್ಟ ಹಣ ‘ಪಗಡಿ’ಯ ರೂಪದಲ್ಲಿ ಹಿಂಬಾಗಿಲಿನಿಂದ ಕೈಬದಲಾಯಿತು.

ಈ ಜಡತೆಯನ್ನು ಪ್ರಶ್ನಿಸಿದ ಪ್ರಕರಣವು ನಮ್ಮ ಕರಾವಳಿಯ ಊರೊಂದರ ಹೆಸರನ್ನು ಹೊತ್ತಿದೆ: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ರಾಜ್ಯ. 1997ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಮ್ಮೆ ನ್ಯಾಯವಾಗಿದ್ದ ನಿರ್ಬಂಧವು ಕಾಲಕ್ರಮದಲ್ಲಿ ಅನ್ಯಾಯವಾಗಬಲ್ಲದೆಂದು ಹೇಳಿತು. 2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಅವಕಾಶವಿತ್ತಿತು, ಪಗಡಿಯನ್ನೂ ಕಾನೂನುಬದ್ಧಗೊಳಿಸಿತು.

ಇದರ ಫಲವೇನು? ಚಕ್ರಗತಿಯಲ್ಲಿ ಲೆಕ್ಕ ಹಾಕಿದರೂ ಅಂದಿನ 100 ರೂಪಾಯಿ ಬಾಡಿಗೆ 25 ವರ್ಷಗಳಲ್ಲಿ ಸುಮಾರು 267 ರೂಪಾಯಿಯಾಗುತ್ತದೆ. ಒಳಗಿರುವವರು ನಿರ್ಗತಿಕ ವಿಧವೆಯೋ ಸಿರಿವಂತ ವರ್ತಕರೋ ಎಂದು ಕಾನೂನು ಕೇಳುವುದಿಲ್ಲ. ಅದೇ ಮೆಟ್ಟಿಲೇರಿ ಪಕ್ಕದ ಮನೆಗೆ ಹೊಸದಾಗಿ ಬರುವ ಸಂಸಾರಕ್ಕೆ ದೊರೆಯುವುದು ‘ಲೀವ್ ಅಂಡ್ ಲೈಸೆನ್ಸ್’ ಕರಾರು, ಸಾಮಾನ್ಯವಾಗಿ ಹನ್ನೊಂದು ತಿಂಗಳದು. ಅದರ ನೋಂದಣಿ ಕಡ್ಡಾಯ. ಆದರೆ ನೋಂದಣಿ ಕಚೇರಿ ಬಾಡಿಗೆಯನ್ನು ಬರೆದಿಡುತ್ತದೆಯೇ ಹೊರತು ತೂಗುವುದಿಲ್ಲ. ಅವಧಿ ಮುಗಿದಾಗ ಮಾಲೀಕರು ಹೇಳಿದಷ್ಟು ಏರಿಕೆಯನ್ನು ಒಪ್ಪಬೇಕು, ಇಲ್ಲವೇ ಮಕ್ಕಳ ಶಾಲೆಯ ನಡುವರ್ಷದಲ್ಲಿ ಗಂಟುಮೂಟೆ ಕಟ್ಟಬೇಕು. ಕರ್ನಾಟಕದಿಂದ ಉಪನಗರಗಳಿಗೆ ಉದ್ಯೋಗವನ್ನರಸಿ ಬರುವ ಕುಟುಂಬಗಳ ಪಾಡೂ ಇದೇ.

ಆದುದರಿಂದ ಮುಂಬಯಿಯ ವ್ಯವಸ್ಥೆಯ ದೋಷ ನಿಯಂತ್ರಣದಲ್ಲಿಲ್ಲ, ಅದರ ಹಂಚಿಕೆಯಲ್ಲಿದೆ. ರಕ್ಷಣೆಯು ಅಗತ್ಯವನ್ನು ನೋಡದೆ ಕರಾರಿನ ಪ್ರಾಯವನ್ನು ನೋಡುತ್ತದೆ. ಹಳೆಯ ಬಾಡಿಗೆಗಳಲ್ಲಿ ಏರಿಕೆಯನ್ನು ದುರಸ್ತಿಗೂ ನಿವಾಸಿಯ ಆದಾಯಕ್ಕೂ ಹೊಂದಿಸಬೇಕು. ಹೊಸ ಕರಾರುಗಳ ನವೀಕರಣದಲ್ಲಿ ಅತಿಯಾದ ಏರಿಕೆಯನ್ನು ಪರಿಶೀಲಿಸುವ ಸರಳ ಪ್ರಾಧಿಕಾರ ಬೇಕು. 2021ರಲ್ಲಿ ಕೇಂದ್ರ ಸಂಪುಟ ಅನುಮೋದಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ಬಾಡಿಗೆ ಪರಿಷ್ಕರಣೆಯ ವಿವಾದಗಳಿಗೆ ಇಂತಹ ಪ್ರಾಧಿಕಾರದ ಕಲ್ಪನೆಯಿದೆ.

ಶಾಸನ ಬರುವವರೆಗೆ ಕಾಯದೆ ಮಾಡಬಹುದಾದ ಕಾರ್ಯವೂ ಒಂದುಂಟು. ಮನೆಗಳನ್ನು ಬಾಡಿಗೆಗೆ ಕೊಡುವ ಸಮಾಜಬಾಂಧವರು ಮತ್ತು ಸಮಾಜದ ಟ್ರಸ್ಟುಗಳು ಮುಂದಿನ ಮೂರು ವರ್ಷಗಳ ಏರಿಕೆಯ ಪ್ರಮಾಣವನ್ನು ಕರಾರಿನಲ್ಲೇ ಮೊದಲು ಬರೆದುಕೊಡಲಿ. ಪರಿಗ್ರಹಕ್ಕೆ ತಾನೇ ಪರಿಮಾಣ ಹಾಕಿಕೊಳ್ಳುವುದು ಶ್ರಾವಕನ ವ್ರತವಾದರೆ, ಅದು ಬಾಡಿಗೆಯ ರಸೀದಿಯಲ್ಲೂ ಕಾಣಿಸಲಿ.