ದಾಸೋಹದ ಎಣ್ಣೆ, ಹೃದಯದ ಲೆಕ್ಕ

(ಅಮರಗೋಳದ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರಕಾರಿ ಎಂಜಿನಿಯರರೊಬ್ಬರು ಮಾಡಿದ ಉಪನ್ಯಾಸ)



ನಾನು ವೈದ್ಯನಲ್ಲ, ಎಂಜಿನಿಯರ್. ಔಷಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಅಳತೆ ಹಿಡಿದು ಲೆಕ್ಕ ಹಾಕುವುದು ನನ್ನ ಕಾಯಕವಾಗಿತ್ತು. ಇಂದು ನಮ್ಮ ಅಡಿಗೆ ಮನೆಯ ಎಣ್ಣೆ ಡಬ್ಬಿಯ ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಸಮಾಜದಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ. "ನಾವು ಲಿಂಗವಂತರು, ಮಾಂಸ-ಮೊಟ್ಟೆ ಮುಟ್ಟುವವರಲ್ಲ, ನಮಗೆಲ್ಲಿಯ ಕೊಲೆಸ್ಟರಾಲ್, ಎಲ್ಲಿಯ ಹಾರ್ಟ್ ಅಟ್ಯಾಕ್?" ಎಂಬುದು ಆ ನಂಬಿಕೆ. ಇದರಲ್ಲಿ ಅರ್ಧ ಮಾತ್ರ ನಿಜ. ಕೊಲೆಸ್ಟರಾಲ್ ಪ್ರಾಣಿಮೂಲದ ಆಹಾರದಲ್ಲಿರುತ್ತದೆ, ಎಣ್ಣೆಕಾಳಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ಹಾಗಾಗಿ ಎಣ್ಣೆ ಪಾಕೀಟಿನ ಮೇಲೆ "ಕೊಲೆಸ್ಟರಾಲ್ ಇಲ್ಲ" ಎಂದು ದೊಡ್ಡದಾಗಿ ಬರೆದರೆ ಅದೇನೂ ಆ ಕಂಪನಿಯ ಹೆಚ್ಚುಗಾರಿಕೆಯಲ್ಲ. ಇನ್ನರ್ಧ ಸತ್ಯವೆಂದರೆ, ನಮ್ಮ ಯಕೃತ್ತು ತಾನೇ ಕೊಲೆಸ್ಟರಾಲ್ ತಯಾರಿಸುತ್ತದೆ. ಗಟ್ಟಿ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿಂದಷ್ಟೂ ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಹಿಂದಕ್ಕೆ ಎಳೆದುಕೊಳ್ಳುವ ಅದರ ಶಕ್ತಿ ಕುಗ್ಗುತ್ತದೆ. ತುಪ್ಪ, ಬೆಣ್ಣೆ, ಪಾಮ್ ಎಣ್ಣೆ, ವನಸ್ಪತಿ ಇವೆಲ್ಲ ಸಸ್ಯಾಹಾರಿಯ ತಾಟಿನಲ್ಲೇ ಇರುವ ಪದಾರ್ಥಗಳು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇ. 90 ಪಾಲು ಒಂಬತ್ತು ಕಾರಣಗಳಿಂದ ಬರುತ್ತದೆ ಎಂದು ಅದು ತೋರಿಸಿತು. ರಕ್ತದ ಕೊಬ್ಬಿನ ಏರುಪೇರು, ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಇವುಗಳಲ್ಲಿ ಸೇರಿವೆ. ನಿತ್ಯ ಹಣ್ಣು-ಕಾಯಿಪಲ್ಲೆ ತಿನ್ನುವುದು ಮತ್ತು ದುಡಿಮೆ-ನಡಿಗೆ ಕಾಪಾಡುತ್ತವೆ. ನಮ್ಮ ಭಾಗದ ದೇಶಗಳ ಜನರಿಗೆ ಮೊದಲ ಆಘಾತ ಬೇರೆಯವರಿಗಿಂತ ಕೆಲವು ವರ್ಷ ಮೊದಲೇ ಬರುತ್ತದೆ ಎಂಬುದೂ ಅದೇ ಅಧ್ಯಯನದಿಂದ ತಿಳಿಯಿತು.

ರಕ್ತನಾಳವನ್ನು ನೀರಿನ ಪೈಪಿಗೆ ಹೋಲಿಸುವುದು ರೂಢಿ. ಎಂಜಿನಿಯರನಾಗಿ ಹೇಳುತ್ತೇನೆ, ಈ ಹೋಲಿಕೆ ಪೂರ್ತಿ ಸರಿಯಲ್ಲ. ಪೈಪಿನ ಒಳಮೈಗೆ ಸುಣ್ಣ ಕಟ್ಟಿದಂತೆ ಕೊಬ್ಬು ಕಟ್ಟುವುದಿಲ್ಲ. ಅದು ನಾಳದ ಗೋಡೆಯ ಒಳಗೇ ಸೇರಿ ಊತ ತರುತ್ತದೆ. ಒಂದು ದಿನ ಆ ಗೋಡೆ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಿಮಿಷಗಳಲ್ಲಿ ದಾರಿ ಮುಚ್ಚುತ್ತದೆ. ನಿನ್ನೆಯವರೆಗೂ ಗಟ್ಟಿಮುಟ್ಟಾಗಿ ಓಡಾಡಿದವರು ಇಂದು ಕುಸಿಯುವುದು ಹೀಗೆ. ಗೋಡೆಯೊಳಗಿನ ಈ ಕೆಲಸ ಹತ್ತಾರು ವರ್ಷ ಸದ್ದಿಲ್ಲದೆ ನಡೆದಿರುತ್ತದೆ. ಆದ್ದರಿಂದ ಎದೆ ನೋಯುವವರೆಗೆ ಕಾಯುವುದು ಲೆಕ್ಕಕ್ಕೆ ಹೊಂದುವುದಿಲ್ಲ.

ಈಗ ಎಣ್ಣೆಗಳಿಗೆ ಬರೋಣ. ನಮ್ಮ ಎರೆಹೊಲಗಳಲ್ಲಿ ಜೋಳದ ಬದುವಿಗೆ ಕುಸುಬಿ ಬಿತ್ತುತ್ತಿದ್ದರು. ಅದರ ಮುಳ್ಳು ದನಗಳನ್ನು ತಡೆಯುತ್ತಿತ್ತು, ಕಾಳು ಎಣ್ಣೆ ಕೊಡುತ್ತಿತ್ತು. ಶರಣ ಸಂಕುಲದಲ್ಲಿ ಗಾಣದ ಕಣ್ಣಪ್ಪನವರ ಹೆಸರಿದೆ. ಎಣ್ಣೆ ತೆಗೆಯುವುದೂ ನಮ್ಮಲ್ಲಿ ಪೂಜ್ಯ ಕಾಯಕವೇ. ಕುಸುಬಿ ಎಣ್ಣೆಯಲ್ಲಿ ಗಟ್ಟಿ ಕೊಬ್ಬು ನೂರಕ್ಕೆ ಸುಮಾರು 10 ಪಾಲು, ಶೇಂಗಾ ಎಣ್ಣೆಯಲ್ಲಿ ಸುಮಾರು 20. ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು, ತುಪ್ಪದಲ್ಲಿ 60ಕ್ಕೂ ಹೆಚ್ಚು, ಕೊಬ್ಬರಿ ಎಣ್ಣೆಯಲ್ಲಿ 90ರ ಹತ್ತಿರ. ಅಗಸಿಯಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಹೇರಳ. ಅದನ್ನು ಕಾಯಿಸದೆ, ರೊಟ್ಟಿಯ ಜೊತೆ ಅಗಸಿ ಹಿಂಡಿಯಾಗಿ ತಿನ್ನುವುದು ನಮ್ಮ ತಾಯಂದಿರು ಕಂಡುಕೊಂಡ ಸರಿಯಾದ ದಾರಿ.

ಗಾಣದ ಎಣ್ಣೆ ಎಂದ ಕೂಡಲೇ ಅದು ಔಷಧಿ ಎಂದು ತಿಳಿಯಬೇಡಿ. ಗಾಣದ್ದಿರಲಿ, ರಿಫೈನ್ಡ್ ಇರಲಿ, ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿಯೇ. ತುಪ್ಪ ತಿಂದರೆ ಕೊಬ್ಬು ಕರಗುತ್ತದೆ ಎಂದು ಮೊಬೈಲಿನಲ್ಲಿ ಓಡಾಡುವ ಮಾತಿಗೂ ಆಧಾರವಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಟ್ರಾನ್ಸ್ ಕೊಬ್ಬು. ಎಣ್ಣೆಗೆ ಜಲಜನಕ ಸೇರಿಸಿ ತುಪ್ಪದಂತೆ ಗಟ್ಟಿ ಮಾಡುವಾಗ ಇದು ಹುಟ್ಟುತ್ತದೆ. ಡಾಲ್ಡಾ ಎಂದು ನಾವು ಕರೆಯುವುದು ಇದೇ ವನಸ್ಪತಿಯನ್ನು. ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ. ಎಣ್ಣೆ ಮತ್ತು ಕೊಬ್ಬಿನಲ್ಲಿ ಇದು ಶೇ. 2ನ್ನು ಮೀರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ಮಿತಿ ಹಾಕಿದೆ. ಒಳ್ಳೆಯ ನಿಯಮ. ಆದರೆ ಟ್ರಾನ್ಸ್ ಕೊಬ್ಬು ಇಳಿದ ಮಾತ್ರಕ್ಕೆ ವನಸ್ಪತಿಯಲ್ಲಿರುವ ಗಟ್ಟಿ ಕೊಬ್ಬು ಹೋಗುವುದಿಲ್ಲ.

ಹಾಗಾದರೆ ಎಷ್ಟು ತಿನ್ನಬೇಕು? ದಿನದ ಶಕ್ತಿಯಲ್ಲಿ ಗಟ್ಟಿ ಕೊಬ್ಬಿನ ಪಾಲು ಶೇ. 10 ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕ್ಯಾಲೊರಿ ಉಣ್ಣುವವರಿಗೆ ಅದು ಸುಮಾರು 22 ಗ್ರಾಂ. ಹಾಲು, ತುಪ್ಪ, ಎಣ್ಣೆ, ಸಿಹಿತಿಂಡಿ ಎಲ್ಲ ಇದರಲ್ಲೇ ಬರಬೇಕು. ಹೋಳಿಗೆಯ ಮೇಲೆ ಎರಡು ದೊಡ್ಡ ಚಮಚ ತುಪ್ಪ ಸುರಿದರೆ 30 ಗ್ರಾಂ ಆಯಿತು. ಅದರಲ್ಲಿ ಗಟ್ಟಿ ಕೊಬ್ಬೇ ಸುಮಾರು 18 ಗ್ರಾಂ.

ಮನೆಯ ಲೆಕ್ಕ ಇನ್ನೂ ಸುಲಭ. ಐದು ಲೀಟರ್ ಡಬ್ಬಿಯಲ್ಲಿ ಇರುವುದು ಸುಮಾರು ನಾಲ್ಕೂವರೆ ಕಿಲೋ ಎಣ್ಣೆ. ನಾಲ್ಕು ಜನರ ಮನೆಯಲ್ಲಿ ಅದು ಒಂದು ತಿಂಗಳಿಗೆ ಮುಗಿದರೆ ತಲೆಗೆ ದಿನಕ್ಕೆ 38 ಗ್ರಾಂ ಬಿತ್ತು. ಮೂರು ಲೀಟರಿನಲ್ಲಿ ತಿಂಗಳು ನಡೆಸಿದರೆ 23 ಗ್ರಾಂ. ತಾಯಂದಿರೇ, ಡಬ್ಬಿ ಒಡೆದ ತಾರೀಖನ್ನು ಅದರ ಮೇಲೆಯೇ ಬರೆಯಿರಿ. ಅಷ್ಟು ಮಾಡಿದರೆ ಲೆಕ್ಕ ತಾನೇ ಮಾತಾಡುತ್ತದೆ. ಬರೆದ ಮೇಲೆ ಅಣ್ಣಂದಿರೂ ಅದನ್ನು ಓದಬೇಕು. ಸಂಜೆಗೊಮ್ಮೆ ಮಿರ್ಚಿ-ಭಜಿ ಬೇಕೆನ್ನುವವರು ಹೆಚ್ಚಾಗಿ ನಾವೇ.

ಇನ್ನು ದಾಸೋಹ. ಬಸವಾದಿ ಶರಣರು ಒಂದೇ ಪಂಕ್ತಿಯಲ್ಲಿ ಎಲ್ಲರನ್ನೂ ಕೂಡಿಸಿ ಉಣಿಸಿದ್ದು ಸಮಾನತೆಗಾಗಿ. ಆ ಪಂಕ್ತಿಗೆ ಬಡವರು ಬರುತ್ತಾರೆ, ವಸತಿ ನಿಲಯದ ಮಕ್ಕಳು ಬರುತ್ತಾರೆ, ಬಡಿಸಿದ್ದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಣ್ಣುತ್ತಾರೆ. ಬೇಡ ಎನ್ನುವ ಮನಸ್ಸು ಅವರಿಗಿಲ್ಲ, ಬಿಟ್ಟು ಏಳುವ ರೂಢಿಯೂ ಇಲ್ಲ. ಹಾಗಾಗಿ ಏನು ಬಡಿಸುತ್ತೇವೆ ಎಂಬುದರ ಹೊಣೆ ಪೂರ್ತಿ ನಮ್ಮದು. ಅಗ್ಗವೆಂದು ಪಾಮ್ ಎಣ್ಣೆ ತಂದು, ಕರಿದ ಎಣ್ಣೆಯನ್ನೇ ಮರುದಿನ ಮತ್ತೆ ಕಾಯಿಸಿ ಬಡಿಸಿದರೆ ಅದು ದಾಸೋಹದ ಆಶಯಕ್ಕೆ ಒಪ್ಪುವುದಿಲ್ಲ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ವಿಷಕಾರಿ ವಸ್ತುಗಳು ಕೂಡುತ್ತವೆ. ಅವನ್ನು ಅಳೆದು ಶೇ. 25 ಮೀರಿದ ಎಣ್ಣೆ ಬಳಸಬಾರದೆಂದು 2018ರ ಜುಲೈಯಿಂದ ನಿಯಮವಿದೆ. ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಎಣ್ಣೆ ಕಪ್ಪಾಗಿ, ನೊರೆಗಟ್ಟಿ, ಜಿಗುಟಾದರೆ ಅದನ್ನು ಚೆಲ್ಲುವುದೇ ಸರಿ.

ಪೂಜ್ಯರ ಸನ್ನಿಧಿಯಲ್ಲಿ ನಾಲ್ಕು ವಿನಂತಿ ಇಡುತ್ತೇನೆ. ಒಂದು, ದಾಸೋಹದ ಮತ್ತು ಮದುವೆಯ ಅಡಿಗೆಗೆ ವನಸ್ಪತಿ ತರುವುದು ನಿಲ್ಲಲಿ. ಎರಡು, ಊಟದಲ್ಲಿ ಕರಿದ ಪದಾರ್ಥ ಒಂದೇ ಇರಲಿ, ಕರಿದ ಎಣ್ಣೆ ಮತ್ತೆ ಕರಿಯುವುದಕ್ಕೆ ಬರದಿರಲಿ. ಮೂರು, ಆ ಉಳಿತಾಯದಲ್ಲಿ ಕಾಳುಪಲ್ಲೆ, ಸೊಪ್ಪು, ಕೋಸಂಬರಿ ಹೆಚ್ಚಲಿ. ತುಪ್ಪ ಚಮಚದಲ್ಲಿ ಬೀಳಲಿ, ಸೌಟಿನಲ್ಲಿ ಬೇಡ. ನಾಲ್ಕು, ಜಾತ್ರೆ, ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ತಪಾಸಣೆ ನಡೆಯಲಿ. ವೈದ್ಯರು ಗುಳಿಗೆ ಕೊಟ್ಟಿದ್ದರೆ, ಎಣ್ಣೆ ಬಿಟ್ಟೆನೆಂದು ಯಾರೂ ಗುಳಿಗೆ ಬಿಡಬೇಡಿ.

ಕೊನೆಯದಾಗಿ, ಎದೆ ಹಿಂಡಿದಂತಾಗಿ, ಎಡಗೈಗೋ ದವಡೆಗೋ ನೋವು ಇಳಿದು, ಬೆವರು ಬಿಟ್ಟರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಪುನೀತ್ ರಾಜಕುಮಾರ್ ಅವರು 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಸರಕಾರ 'ಹೃದಯ ಜ್ಯೋತಿ' ಯೋಜನೆ ತಂದಿದೆ. ಅದರಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಮೊದಲ ಒಂದು ತಾಸು ಬಹಳ ದೊಡ್ಡದು.

ಇಂದಿನ ಪ್ರಸಾದಕ್ಕೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ, ಅಗಸಿ ಹಿಂಡಿ ಇವೆ ಎಂದು ಅಡಿಗೆಯವರು ಹೇಳಿದ್ದಾರೆ. ಎಲ್ಲರೂ ಕೂಡಿ ಉಣ್ಣೋಣ.