ಗೇಣುದ್ದದ ದೇವರುಗಳು

ಪಾಲ್ ಗೋಗಾಂ ಎಂದರೆ ತಾಹಿತಿ ದ್ವೀಪದ ಹೆಂಗಸರನ್ನು ಗಾಢ ಬಣ್ಣಗಳಲ್ಲಿ ಬರೆದ ಫ್ರೆಂಚ್ ಚಿತ್ರಕಾರ ಎಂದಷ್ಟೇ ನಮ್ಮಲ್ಲಿ ಬಹುಮಂದಿಗೆ ಗೊತ್ತು. ಆತ ಉಳಿ ಹಿಡಿದು ಮರದಲ್ಲಿ ಪುಟ್ಟ ದೇವರುಗಳನ್ನೂ ಕೆತ್ತಿದ್ದಾನೆ. ಇಂದು ಅವುಗಳ ಮಾತು.

1892ರಲ್ಲಿ ಕೆತ್ತಿದ ಒಂದು ವಿಗ್ರಹದ ಎತ್ತರ ಸುಮಾರು ಒಂದು ಗೇಣು. ಕಾಲು ಮಡಚಿ ಕುಳಿತ ಬುದ್ಧನಂಥ ಮೂರ್ತಿ, ಹಣೆಯಲ್ಲಿ ಮುತ್ತು. ಮರ ತಮಾನು, ಅಂದರೆ ನಮ್ಮ ಕರಾವಳಿಯ ಸುರಹೊನ್ನೆ. ಹಿಂದೆ ಅದರ ಬೀಜದ ಎಣ್ಣೆಯಲ್ಲಿ ದೀಪ ಉರಿಸುತ್ತಿದ್ದರಲ್ಲ, ಅದೇ ಮರ! ಅದೇ ವರ್ಷದ ಇನ್ನೊಂದು ವಿಗ್ರಹ ಗಾಳಿಮರದ್ದು. ತಲೆಯ ಹಿಂದೆ ಚಿಪ್ಪಿನ ಪ್ರಭಾವಳಿ, ಬಾಯಲ್ಲಿ ಮೂಳೆಯ ಹಲ್ಲು.

ತಾಹಿತಿಗೆ ಬುದ್ಧ ಎಲ್ಲಿಂದ ಬಂದ? ಜಾವಾದ ಬೊರೊಬುದುರ್ ಶಿಲ್ಪಗಳ ಫೋಟೋಗಳು ಗೋಗಾಂ ಬಳಿ ಇದ್ದವು. 1891ರಲ್ಲಿ ಅವನು ತಾಹಿತಿಯಲ್ಲಿ ಇಳಿದಾಗ, ಹುಡುಕಿಕೊಂಡು ಬಂದ ದೇವರುಗಳು ಅಲ್ಲಿರಲಿಲ್ಲ. ಇಂಗ್ಲೆಂಡಿನ ಮಿಷನರಿಗಳು ಬಂದದ್ದು 1797ರಲ್ಲಿ. ಅವರ ಧರ್ಮದತ್ತ ಒಲಿದಿದ್ದ ರಾಜ ಎರಡನೇ ಪೊಮಾರೆ 1815ರಲ್ಲಿ ಯುದ್ಧ ಗೆದ್ದ. ಹಳೆಯ ದೇವಸ್ಥಾನಗಳು ಕೆಡವಲ್ಪಟ್ಟವು, ವಿಗ್ರಹಗಳು ಬೆಂಕಿಗೆ ಹೋದವು. ಮರುವರ್ಷ ರಾಜ ತನ್ನ ಮನೆದೇವರುಗಳನ್ನು ತಾನೇ ಮಿಷನರಿಗಳ ಕೈಗೆ ಒಪ್ಪಿಸಿದ. ಅವು ಲಂಡನ್ನಿಗೆ ಹೋದವು.

ಆ ನಿಜವಾದ ದೇವರುಗಳಿಗೆ ಎಷ್ಟೋ ಸಲ ಸ್ಪಷ್ಟವಾದ ಮುಖವೇ ಇರುತ್ತಿರಲಿಲ್ಲ. ಮರದ ತುಂಡಿಗೆ ತೆಂಗಿನ ನಾರಿನ ಹುರಿ ಬಿಗಿದು, ಕೆಂಪು ಗರಿ ಸೇರಿಸಿ, ಜನರ ಕಣ್ಣಿಗೆ ಬೀಳದಂತೆ ಸುತ್ತಿಡುತ್ತಿದ್ದರು. ಗೋಗಾಂ ದೇವರ ಹೆಸರು, ಕಥೆಗಳನ್ನು 1837ರಲ್ಲಿ ಅಚ್ಚಾದ ಫ್ರೆಂಚ್ ಪುಸ್ತಕವೊಂದರಿಂದ ತೆಗೆದುಕೊಂಡ. ರೂಪವನ್ನು ತಾನೇ ಕಟ್ಟಿದ.

ನಮ್ಮ ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಗಣಪತಿ ಕೆತ್ತಿದರೆ ಯಾವ ಕೈಯಲ್ಲಿ ಏನಿರಬೇಕೆಂಬುದು ಮೊದಲೇ ಗೊತ್ತಿರುತ್ತದೆ. ತಪ್ಪಿದರೆ ಕೊಳ್ಳುವವರೇ ಕೇಳುತ್ತಾರೆ. ಗೋಗಾಂನನ್ನು ಹಾಗೆ ಕೇಳುವವರು ಯಾರಿದ್ದರು? ತಾಹಿತಿಯವರು ಆಗಲೇ ಭಾನುವಾರ ಚರ್ಚಿಗೆ ಹೋಗುತ್ತಿದ್ದರು. ಆದ್ದರಿಂದ ಇವನ್ನು ತಾಹಿತಿಯ ದೇವರುಗಳು ಎನ್ನಲು ನನಗೆ ಮನಸ್ಸು ಬಾರದು. ಫ್ರೆಂಚ್ ಆಳ್ವಿಕೆಯ ನೆರಳಲ್ಲಿ, ಹದಿಹರೆಯದ ಹುಡುಗಿಯನ್ನು ಜೊತೆಗಿಟ್ಟುಕೊಂಡು ಬದುಕಿದವನ ಕಲ್ಪನೆ ಇದು ಎಂಬುದನ್ನೂ ಮುಚ್ಚಿಡಬೇಕಿಲ್ಲ.

ಆದರೆ ಕೈಚಳಕದ ವಿಷಯ ಬೇರೆ. ದಿಮ್ಮಿಯ ದುಂಡು ಆಕಾರ ಕೆಡದಂತೆ ಸುತ್ತಲೂ ಕೆತ್ತಿದ್ದಾನೆ. ಎರಡೂ ವಿಗ್ರಹಗಳು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂ ಸಂಗ್ರಹದಲ್ಲಿವೆ. ನೋಡುವ ಅವಕಾಶ ಸಿಕ್ಕರೆ ಎದುರಿಗೆ ನಿಂತು ಬಂದುಬಿಡಬೇಡಿ, ಒಂದು ಸುತ್ತು ಬನ್ನಿ. ಬೆನ್ನ ಕಡೆಯೂ ಆಕೃತಿಗಳಿವೆ.