ಚಹದ ಲೋಟದಲ್ಲಿ ರಷ್ಯನ್ ವ್ಯಾಕರಣ



ರಷ್ಯನ್ ಭಾಷೆ ನಮ್ಮಂಥವರಿಗೆ ದಕ್ಕೀತೇ ಎಂದು ಮಿಲ್ಲಿನ ಗೆಳೆಯರು ಕೇಳುತ್ತಾರೆ. ಅದರ 6 ವಿಭಕ್ತಿಗಳೆಂದರೆ ಹೆದರಿಕೆ. ಕನ್ನಡಕ್ಕೆ 7 ಇವೆಯಲ್ಲ! ಮೇಷ್ಟರಾಗಿದ್ದಾಗ ನಾವೇ ಬೆತ್ತ ಹಿಡಿದು ಅವನ್ನು ಉರು ಹೊಡೆಸಿದೆವು. ಮನೆಯಲ್ಲಿ ತಪ್ಪಿಲ್ಲದೆ ಮಾತಾಡುವ ಹುಡುಗರು ನಮ್ಮೆದುರು ತೊದಲಿದರು. ಆ ತಪ್ಪು ನಮ್ಮದು.

ಆದ್ದರಿಂದ ಚಹದಿಂದ ಹೊರಡೋಣ. ರಷ್ಯನ್ನರಿಗೂ ಅದು 'ಚಾಯ್'. ಸಕ್ಕರೆ 'ಸಾಖರ್', ಎರಡೂ ಶರ್ಕರಾ ಎಂಬುದರ ಮಕ್ಕಳೇ. ಸಕ್ಕರೆ ಹಾಕಿದ್ದು 'ಚಾಯ್ ಸ್ ಸಾಖರಮ್', ಹಾಕದ್ದು 'ಚಾಯ್ ಬೆಸ್ ಸಾಖರ'. ಪದದ ಬಾಲ ಬದಲಾಯಿತು, ಅಷ್ಟೆ. ಅಂಗಡಿ, ಅಂಗಡಿಗೆ, ಅಂಗಡಿಯಲ್ಲಿ ಎನ್ನುವವರಿಗೆ ಇದೇನು ಹೊಸದೇ?

'ಉ ಮೆನ್ಯಾ ಯೆಸ್ತ್ ಖ್ಲೇಬ್' ಎಂದರೆ ನನ್ನ ಹತ್ತಿರ ರೊಟ್ಟಿ ಇದೆ. ಬಂದವರ ಮುಂದೆ ಖ್ಲೇಬನ್ನೂ ಉಪ್ಪನ್ನೂ ಇಡುವುದು ಅಲ್ಲಿನ ಹಳೆಯ ಮರ್ಯಾದೆ. 'ಯಾ ರಬೋಚಿ', ನಾನು ಕೆಲಸಗಾರ. ಎರಡೇ ಪದ, ನಮ್ಮ ಹಾಗೆಯೇ. ಇಂಗ್ಲಿಷಿನ 'ಆ್ಯಮ್' ಬೇಡ. ಕೆಲಸಕ್ಕೆ 'ರಬೋತ' ಎನ್ನುತ್ತಾರೆ. ಅದು ಹುಟ್ಟಿದ್ದು 'ರಬ್' ಎಂಬುದರಿಂದ. ರಬ್ ಎಂದರೆ ಗುಲಾಮ. ಯಾರ ಬೆವರಿನಿಂದ ಈ ಪದ ಬಂತೆಂದು ಹೇಳಬೇಕಿಲ್ಲ.

ವರ್ತಕ ಮಿತ್ರರಿಗೆ ತೊಡಕು ಎಣಿಕೆಯಲ್ಲಿ. 1 'ರೂಬ್ಲ್', 2, 3, 4 'ರುಬ್ಲ್ಯಾ', 5 ಆದೊಡನೆ 'ರುಬ್ಲೇಯ್'. 20ರ ತನಕ ಅದೇ, 21ಕ್ಕೆ ಮತ್ತೆ 'ರೂಬ್ಲ್'! ಇಲ್ಲಿ ನಾವೂ ಬಹಳ ಸಲ ಎಡವಿದ್ದೇವೆ. ಸೂತ್ರ ಬರೆದುಕೊಂಡರೆ ಬಾರದು, ಕೈಯಿಂದ ಎಣಿಸುತ್ತ ಬಾಯಿಗೆ ಬರಬೇಕು. ಮುಂದಿನ ಭಾನುವಾರ ಪಾಟಿ ಬೇಡ. ತಲೆಗೆ 25 ಹುಣಿಸೆ ಬೀಜ ತನ್ನಿ.